ಗುರುತ್ವ ಎಲ್ಲಾನೂ ಎಳೀತಿದ್ರೆ ವಿಶ್ವ ಹಿಗ್ಗೋದಾದ್ರೂ ಹೇಗೆ?

ಕುತೂಹಲಿ

ಎಲ್ಲರಿಗೂ ನಮಸ್ಕಾರ. ಒಂದು ಡೌಟು ಸುಮಾರು ದಿನದಿಂದ ತಲೆ ತಿಂತಿದೆ. ತೂಕ ಇರೋ ಪ್ರತಿಯೊಂದೂ ಇನ್ನೊಂದನ್ನ ತನ್ನ ಕಡೆ ಎಳೆಯುತ್ತೆ, ತಳ್ಳೋದು ಅನ್ನೋದೇ ಗುರುತ್ವದಲ್ಲಿ ಇಲ್ಲ, ಇಷ್ಟು ಸ್ಕೂಲಲ್ಲೇ ಓದಿದೀವಿ. ಹಾಗಿದ್ಮೇಲೆ ಈ ಗ್ಯಾಲಕ್ಸಿಗಳೆಲ್ಲ ಇಷ್ಟೊತ್ತಿಗೆ ಒಂದೇ ಕಡೆ ಗುಡ್ಡೆ ಬೀಳ್ಬೇಕಿತ್ತು ತಾನೆ, ಅದು ಬಿಟ್ಟು 1380 ಕೋಟಿ ವರ್ಷದಿಂದ ದೂರ ದೂರ ಹೋಗ್ತಾನೇ ಇವೆ ಅಂತಾರಲ್ಲ, ಗುರುತ್ವಕ್ಕೆ ಎದುರು ನಿಂತು ಹಿಗ್ಗಿಸ್ತಿರೋ ಶಕ್ತಿ ಯಾವುದು? ಎರಡನೇದು, ಜಾಗವೇ ಹಿಗ್ತಿದೆ ಅನ್ನೋದಾದ್ರೆ ಸೌರಮಂಡಲ, ಭೂಮಿ, ನಮ್ಮ ಮೈಯೊಳಗಿನ ಪರಮಾಣು ಇವೆಲ್ಲ ಯಾಕೆ ಹಿಗ್ಗಲ್ಲ? ವಿಡಿಯೋ ಒಂದಷ್ಟು ನೋಡ್ದೆ, ಎಲ್ಲಾ ಕಡೆ ಡಾರ್ಕ್ ಎನರ್ಜಿ ಅಂತ ಹೇಳಿ ಮುಗಿಸಿಬಿಡ್ತಾರೆ, ಅದು ಹೆಸರಾಯ್ತು ಅಷ್ಟೇ, ಉತ್ತರ ಆಗ್ಲಿಲ್ಲ. ಗಣಿತ ಸ್ವಲ್ಪ ಬಂದ್ರೂ ಪರವಾಗಿಲ್ಲ, ಬಿಡಿಸಿ ಹೇಳಿ.

ಬಾನಾಡಿ

ಒಳ್ಳೇ ಪ್ರಶ್ನೆ, ಐನ್‌ಸ್ಟೈನ್‌ಗೂ ಹೆಚ್ಚುಕಮ್ಮಿ ಇದೇ ತೊಡಕು ಬಂದಿತ್ತು. 1917ರಲ್ಲಿ ತನ್ನ ಸಮೀಕರಣವನ್ನ ಇಡೀ ವಿಶ್ವಕ್ಕೆ ಹಾಕಿ ನೋಡಿದಾಗ ಅದು ಒಂದೇ ಸ್ಥಿತಿಯಲ್ಲಿ ನಿಲ್ಲೋಹಂಗೆ ಕಾಣ್ಲಿಲ್ಲ, ಆಗಿನ ಕಾಲಕ್ಕೆ ವಿಶ್ವ ಅಂದ್ರೆ ಸ್ಥಿರ ಅನ್ನೋದೇ ಎಲ್ಲರ ನಂಬಿಕೆ, ಹಾಗಾಗಿ ಕುಸಿಯದೇ ಇರ್ಲಿ ಅಂತ ಒಂದು ಸ್ಥಿರಾಂಕ ಸೇರಿಸಿದ. 1922ರಲ್ಲಿ ಫ್ರೀಡ್ಮನ್ ಅದೇ ಸಮೀಕರಣದಿಂದ ವಿಶ್ವ ಹಿಗ್ಗಬಹುದು ಇಲ್ಲಾ ಕುಗ್ಗಬಹುದು ಅಂತ ತೋರಿಸಿದ, 1927ರಲ್ಲಿ ಲೆಮೆತ್ರ್, 1929ರಲ್ಲಿ ಹಬಲ್, ಗ್ಯಾಲಕ್ಸಿ ಎಷ್ಟು ದೂರವೋ ಅಷ್ಟು ವೇಗವಾಗಿ ಸರೀತಿದೆ ಅನ್ನೋ ಲೆಕ್ಕ ಕೊಟ್ರು.

ನಿಮ್ಮ ಪ್ರಶ್ನೆಯಲ್ಲಿ ಒಂದು ಊಹೆ ಅಡಗಿದೆ ನೋಡಿ, ದೂರ ಹೋಗ್ತಿದೆ ಅಂದ್ರೆ ಯಾರೋ ಈಗಲೂ ತಳ್ತಾನೇ ಇರ್ಬೇಕು ಅಂತ. ಹಾಗೇನಿಲ್ಲ. ಒಂದು ಕಲ್ಲನ್ನ ಮೇಲಕ್ಕೆ ಎಸೀರಿ, ಕೈ ಬಿಟ್ಟ ಕ್ಷಣದಿಂದ ಭೂಮಿ ಅದನ್ನ ಕೆಳಗೇ ಎಳೀತಿರುತ್ತೆ, ಆದ್ರೂ ಕಲ್ಲು ಮೇಲೇ ಹೋಗ್ತಿರುತ್ತೆ, ಯಾಕಂದ್ರೆ ಕೈ ಬಿಡುವಾಗ ಇದ್ದ ವೇಗ ಇನ್ನೂ ಮುಗಿದಿಲ್ಲ. ಗುರುತ್ವ ಆ ವೇಗವನ್ನ ಕಮ್ಮಿ ಮಾಡ್ತಾ ಬರುತ್ತೆ ಅಷ್ಟೇ. ವಿಶ್ವದ ಕತೆಯಲ್ಲೂ ಮೊದಲ ಸುಮಾರು 800 ಕೋಟಿ ವರ್ಷ ನಡೆದದ್ದು ಇದೇ, ಹಿಗ್ಗುವಿಕೆ ಶುರುವಲ್ಲೇ ಸಿಕ್ಕಿದ್ದು, ಗುರುತ್ವ ಅದಕ್ಕೆ ಬ್ರೇಕ್ ಹಾಕ್ತಾ ಇತ್ತು. ಆ ಮೊದಲ ವೇಗ ಎಲ್ಲಿಂದ ಬಂತು ಅಂದ್ರೆ, ಹುಟ್ಟಿದ ಕ್ಷಣಾರ್ಧದಲ್ಲೇ ಇನ್‌ಫ್ಲೇಷನ್ ಅನ್ನೋ ಒಂದು ಭಾರೀ ಹಿಗ್ಗುವಿಕೆ ಆಯ್ತು ಅಂತ ಹೆಚ್ಚಿನ ವಿಜ್ಞಾನಿಗಳು ಹೇಳ್ತಾರೆ, ಅದು ಇನ್ನೂ ಪೂರ್ತಿ ಸಾಬೀತಾದ ವಿಷಯ ಅಲ್ಲ.

ಇರುಳುಗಣ್ಣು

ಎರಡನೇ ಪ್ರಶ್ನೆಗೆ ನಾನು ಹೇಳ್ತೀನಿ. ಜಾಗ ಎಲ್ಲಾ ಕಡೆನೂ ಹಿಗ್ತಾನೇ ಇದೆ, ನಮ್ಮ ಮೈಯೊಳಗೂ ಹಿಗ್ತಿದೆ, ಆದ್ರೆ ಪರಮಾಣುಗಳ ನಡುವಿನ ಬಲ ಅದಕ್ಕಿಂತ ಗಟ್ಟಿ, ಪ್ರತಿ ಕ್ಷಣ ವಾಪಸ್ ಎಳ್ಕೊಳ್ಳುತ್ತೆ, ಅದಕ್ಕೇ ಗೊತ್ತಾಗಲ್ಲ.

ಲೆಕ್ಕದಕ್ಕ

@ಇರುಳುಗಣ್ಣು ಇದು ಬಹಳ ಕಡೆ ಬರೆದಿರ್ತಾರೆ, ಆದ್ರೆ ಸರಿ ಅಲ್ಲ, ದಯವಿಟ್ಟು ಬೇಜಾರಾಗ್ಬೇಡಿ. ಬಾನಾಡಿ ಅವರ ಕಲ್ಲನ್ನೇ ತಗೊಳ್ಳಿ, ಮೇಲೆ ಹೋಗಿ ವಾಪಸ್ ಬಂದು ನೆಲದ ಮೇಲೆ ಬಿದ್ದ ಕಲ್ಲಲ್ಲಿ ಮೇಲಕ್ಕೆ ಹೋಗೋ ವೇಗ ಇನ್ನೂ ಎಲ್ಲೋ ಅಡಗಿ ಕೂತಿದೆ, ಭೂಮಿ ಅದನ್ನ ದಿನಾ ಹಿಡಿದಿಟ್ಕೊಂಡಿದೆ ಅಂತ ಯಾರೂ ಹೇಳಲ್ಲ. ವೇಗ ಮುಗೀತು ಅಷ್ಟೇ. ಹಾಗೇ ಶುರುವಲ್ಲಿ ಎಲ್ಲಿ ದ್ರವ್ಯ ಒಂಚೂರು ಜಾಸ್ತಿ ದಟ್ಟವಾಗಿತ್ತೋ ಅಲ್ಲಿ ಗುರುತ್ವ ಹಿಗ್ಗುವಿಕೆಯನ್ನ ನಿಧಾನ ಮಾಡಿ, ನಿಲ್ಲಿಸಿ, ತಿರುಗಿಸಿ ಒಳಗೆಳ್ಕೊಂಡ್ತು, ಗ್ಯಾಲಕ್ಸಿಗಳು ಆಗಿದ್ದೇ ಹಾಗೆ. ಒಮ್ಮೆ ಕಟ್ಟುಬಿದ್ದ ಮೇಲೆ ಅದರೊಳಗೆ ಹಿಗ್ಗುವಿಕೆ ಅನ್ನೋದೇ ಉಳಿದಿಲ್ಲ, ಎದುರಿಸೋ ಮಾತೆಲ್ಲಿ.

ಲೆಕ್ಕ ಹಾಕಿದ್ರೆ ಚೆನ್ನಾಗಿ ಕಾಣುತ್ತೆ. ಹಿಗ್ಗುವ ದರ ಅಂದಾಜು ಒಂದು ಮೆಗಾಪಾರ್ಸೆಕ್‌ಗೆ, ಅಂದ್ರೆ 32.6 ಲಕ್ಷ ಜ್ಯೋತಿರ್ವರ್ಷಕ್ಕೆ, ಸೆಕೆಂಡಿಗೆ 70 ಕಿ.ಮೀ. ಆಂಡ್ರೊಮೆಡಾ ನಮ್ಮಿಂದ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರ. ಸೂತ್ರದ ಪ್ರಕಾರ ಅದು ಸೆಕೆಂಡಿಗೆ 54 ಕಿ.ಮೀ. ವೇಗದಲ್ಲಿ ದೂರ ಹೋಗ್ಬೇಕಿತ್ತು. ನಿಜದಲ್ಲಿ ಏನಾಗ್ತಿದೆ ಅಂದ್ರೆ ಸುಮಾರು 110 ಕಿ.ಮೀ. ವೇಗದಲ್ಲಿ ನಮ್ಮ ಕಡೆಗೇ ಬರ್ತಿದೆ! ನಮ್ಮ ಆಕಾಶಗಂಗೆ, ಆಂಡ್ರೊಮೆಡಾ ಇಬ್ಬರ ತೂಕವೂ ಸೇರಿ ಆ ಹಿಗ್ಗುವಿಕೆಯನ್ನ ಯಾವತ್ತೋ ತಿರುಗಿಸಿ ಆಗಿದೆ. ಇನ್ನೂ ಮುಂದೆ ಹೋಗಿ, ಕನ್ಯಾ ರಾಶಿಯ ದಿಕ್ಕಲ್ಲಿರೋ ವರ್ಗೋ ಗುಚ್ಛ, ಅಂದ್ರೆ ಗ್ಯಾಲಕ್ಸಿಗಳ ಒಂದು ದೊಡ್ಡ ಗುಂಪು, ಸುಮಾರು 5.4 ಕೋಟಿ ಜ್ಯೋತಿರ್ವರ್ಷ ದೂರ. ಸೂತ್ರದ ಲೆಕ್ಕಕ್ಕೆ ಸೆಕೆಂಡಿಗೆ 1150 ಕಿ.ಮೀ. ಹತ್ತಿರ ಬರುತ್ತೆ, ಅಳೆದ್ರೆ ಅದಕ್ಕಿಂತ ಸ್ವಲ್ಪ ಕಮ್ಮಿನೇ ಸಿಗೋದು, ಯಾಕಂದ್ರೆ ಆ ಗುಚ್ಛದ ಸೆಳೆತ ನಮ್ಮ ವೇಗವನ್ನ ಅಷ್ಟು ತಿಂದುಹಾಕಿದೆ. ಅಂದ್ರೆ ಹತ್ರ ಗುರುತ್ವ ಪೂರ್ತಿ ಗೆದ್ದಿದೆ, ವರ್ಗೋ ಹತ್ರ ಸ್ವಲ್ಪ ತಡೆದಿದೆ, ಅದರಾಚೆ ಹೋದ್ರೆ ಹಿಗ್ಗುವಿಕೆ ನಿಚ್ಚಳ. ನನಗಂತೂ ಈ ಮೂರನ್ನ ಪಕ್ಕಪಕ್ಕ ಇಟ್ಟು ನೋಡಿದ್ಮೇಲೇ ವಿಷಯ ಕೂತಿದ್ದು.

ಕುತೂಹಲಿ

ಅಕ್ಕಾ ತುಂಬಾ ಥ್ಯಾಂಕ್ಸ್, ಆಂಡ್ರೊಮೆಡಾ ಲೆಕ್ಕ ನೋಡಿ ಒಂದು ದೊಡ್ಡ ಗಂಟು ಬಿಚ್ತು. ಆದ್ರೆ ಈಗ ಹಿಗ್ಗುವಿಕೆ ನಿಧಾನ ಆಗೋ ಬದಲು ಜೋರಾಗ್ತಿದೆ ಅಂತಾರಲ್ಲ, ಅದಕ್ಕೆ ಏನಾದ್ರೂ ತಳ್ಳಲೇಬೇಕಲ್ವಾ? ಡಾರ್ಕ್ ಎನರ್ಜಿ ಕೂಡ ಎನರ್ಜಿನೇ ತಾನೆ, ಶಕ್ತಿಗೂ ದ್ರವ್ಯಕ್ಕೂ ಭೇದ ಇಲ್ಲ ಅಂದ್ಮೇಲೆ ಅದೂ ಎಳೀಬೇಕು, ತಳ್ಳೋದು ಹೇಗೆ?

ಲೆಕ್ಕದಕ್ಕ

ಇದೇ ಸರಿಯಾದ ಪ್ರಶ್ನೆ. ನ್ಯೂಟನ್ ಲೆಕ್ಕದಲ್ಲಿ ದ್ರವ್ಯ ಒಂದೇ ಎಳೆಯೋದು. ಐನ್‌ಸ್ಟೈನ್ ಲೆಕ್ಕದಲ್ಲಿ ಒತ್ತಡಕ್ಕೂ ಗುರುತ್ವ ಇದೆ, ಅದೂ ಮೂರು ಪಟ್ಟು, ಯಾಕಂದ್ರೆ ಜಾಗಕ್ಕೆ ಮೂರು ದಿಕ್ಕು. ಒಟ್ಟು ಸೆಳೆತ ಅಂದ್ರೆ ಶಕ್ತಿಯ ಸಾಂದ್ರತೆ ಜೊತೆಗೆ ಮೂರು ಸಲ ಒತ್ತಡ. ಸಾಮಾನ್ಯ ದ್ರವ್ಯದ ಒತ್ತಡ ಈ ಲೆಕ್ಕದಲ್ಲಿ ನಗಣ್ಯ, ಹಾಗಾಗಿ ನಮಗದು ಕಾಣ್ಸಲ್ಲ. ಆದ್ರೆ ಖಾಲಿ ಜಾಗದಲ್ಲೇ ಒಂದು ಶಕ್ತಿ ಇದೆ, ಜಾಗ ಎಷ್ಟು ಹಿಗ್ಗಿದ್ರೂ ಅದು ತೆಳುವಾಗಲ್ಲ ಅಂತ ಇಟ್ಕೊಳ್ಳಿ, ಆಗ ಅದರ ಒತ್ತಡ ಋಣ ಆಗಲೇಬೇಕು, ಸಾಂದ್ರತೆಯಷ್ಟೇ ಋಣ. 1ರಲ್ಲಿ 3 ಕಳೆದ್ರೆ ಮೈನಸ್ 2. ಸೆಳೆತದ ಚಿಹ್ನೆಯೇ ತಿರುಗಿಹೋಯ್ತು. ಗುರುತ್ವಕ್ಕೆ ವಿರುದ್ಧ ಇನ್ಯಾವುದೋ ಬಲ ಬಂದಿಲ್ಲ, ಗುರುತ್ವವೇ ಇಲ್ಲಿ ದೂರ ತಳ್ತಿದೆ.

ಮತ್ತೆ ಈ ಶಕ್ತಿಯ, ಅಂದ್ರೆ ಡಾರ್ಕ್ ಎನರ್ಜಿಯ, ತಳ್ಳುವಿಕೆ ವಿಶ್ವದ ಶುರುವಲ್ಲೇ ಯಾಕೆ ಗೆಲ್ಲಲಿಲ್ಲ ಅಂದ್ರೆ, ದೂರ ಎರಡರಷ್ಟಾದ್ರೆ ದ್ರವ್ಯ ಎಂಟು ಪಟ್ಟು ತೆಳು ಆಗುತ್ತೆ, ಇದು ಹಾಗೇ ಇರುತ್ತೆ. ದ್ರವ್ಯ ತೆಳುವಾಗ್ತಾ ಆಗ್ತಾ ಸುಮಾರು 600 ಕೋಟಿ ವರ್ಷದ ಹಿಂದೆ ಇದರ ಕೈ ಮೇಲಾಯ್ತು. 1998ರಲ್ಲಿ ದೂರದ ಸೂಪರ್‌ನೋವಾಗಳು, ಅಂದ್ರೆ ಸಿಡಿಯೋ ನಕ್ಷತ್ರಗಳು, ನಿರೀಕ್ಷೆಗಿಂತ ಮಂಕಾಗಿ, ಅಂದ್ರೆ ಅಂದಾಜಿಗಿಂತ ದೂರದಲ್ಲಿ ಕಂಡಾಗ ಹಿಗ್ಗುವಿಕೆ ಜೋರಾಗ್ತಿದೆ ಅಂತ ಗೊತ್ತಾಗಿದ್ದು, ಪರ್ಲ್‌ಮಟರ್, ಶ್ಮಿಟ್, ರೀಸ್ ಮೂವರಿಗೆ 2011ರ ನೊಬೆಲ್ ಬಂತು. ಈಗಿನ ಅಂದಾಜಿಗೆ ವಿಶ್ವದ ಒಟ್ಟು ಶಕ್ತಿಯಲ್ಲಿ ಶೇ 69ರಷ್ಟು ಇದೇ.

ಆದ್ರೆ ನಮ್ಮ ಹತ್ರ ಇದು ಎಷ್ಟಿದೆ? ಸೂರ್ಯನನ್ನ ಮಧ್ಯ ಇಟ್ಟು ಭೂಮಿಯ ಕಕ್ಷೆಯಷ್ಟು ದೊಡ್ಡ ಗೋಳ ಮಾಡಿ ಅದರೊಳಗಿನ ಡಾರ್ಕ್ ಎನರ್ಜಿ ಎಲ್ಲಾ ಕೂಡಿದ್ರೆ ಬರೋದು ಸುಮಾರು 8 ಕೋಟಿ ಕೆ.ಜಿ. ಸೂರ್ಯನ ತೂಕ 2ರ ಮುಂದೆ 30 ಸೊನ್ನೆ ಕೆ.ಜಿ. ಸೌರಮಂಡಲ ಹಿಗ್ಗಿ ಚದುರಲ್ಲ ಯಾಕೆ ಅನ್ನೋದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಡ ಅನ್ಸುತ್ತೆ.

ಇರುಳುಗಣ್ಣು

ಅಕ್ಕಾ, ಇದು ನನಗೂ ಹೊಸದು, ಥ್ಯಾಂಕ್ಸ್. ಹಾಗಾದ್ರೆ ಈ ತಳ್ಳುವಿಕೆ ಜೋರಾಗ್ತಾ ಹೋಗಿ ಮುಂದೊಂದು ದಿನ ಗ್ಯಾಲಕ್ಸಿಗಳನ್ನೂ ಹರಿದು ಹಾಕುತ್ತಾ?

ಬಾನಾಡಿ

ಡಾರ್ಕ್ ಎನರ್ಜಿಯ ಸಾಂದ್ರತೆ ಹೀಗೇ ಸ್ಥಿರವಾಗಿದ್ರೆ ಇಲ್ಲ. ಈಗ ಕಟ್ಟುಬಿದ್ದಿರೋದು ಕಟ್ಟುಬಿದ್ದೇ ಇರುತ್ತೆ, ಬಿಡಿಯಾಗಿರೋ ಗುಚ್ಛಗಳು ಮಾತ್ರ ಒಂದರಿಂದ ಒಂದು ದೂರ ಆಗ್ತಾ ಹೋಗುತ್ತವೆ. ಸಾಂದ್ರತೆ ಏರ್ತಾ ಹೋದ್ರೆ ಮಾತ್ರ ಹರಿಯೋ ಪ್ರಶ್ನೆ. ನಿಜವಾಗ್ಲೂ ಸ್ಥಿರವಾಗಿದೆಯಾ ಅನ್ನೋದನ್ನೇ ಈಗ ಅಳೀತಿದಾರೆ, ಡೆಸಿ ಅನ್ನೋ ಸರ್ವೇ 2024 ಮತ್ತು 2025ರಲ್ಲಿ ಕೊಟ್ಟ ಫಲಿತಾಂಶ ಬೇರೆ ಮಾಹಿತಿ ಜೊತೆ ಸೇರಿಸಿ ನೋಡಿದ್ರೆ ಅದು ಕಾಲಕ್ಕೆ ತಕ್ಕಂತೆ ಬದಲಾಗ್ತಿರಬಹುದು, ಈಚೆಗೆ ಸ್ವಲ್ಪ ಸೊರಗ್ತಿರಬಹುದು ಅನ್ನೋ ಸುಳಿವಿದೆ, ಖಾತ್ರಿ ಅನ್ನೋ ಮಟ್ಟಕ್ಕೆ ಇನ್ನೂ ಬಂದಿಲ್ಲ. ಇನ್ನೊಂದು ಸೇರಿಸ್ತೀನಿ, ಅಕ್ಕ 70 ಅಂತ ಹಾಕಿದಾರಲ್ಲ, ಅಲ್ಲೂ ಒಂದು ಜಗಳ ನಡೀತಿದೆ. ಪ್ಲಾಂಕ್ ಉಪಗ್ರಹ ಬಿಗ್ ಬ್ಯಾಂಗಿನ ಹಳೇ ಬೆಳಕಿಂದ ಲೆಕ್ಕ ಹಾಕಿದ್ರೆ 67.4, ಹತ್ತಿರದ ಗ್ಯಾಲಕ್ಸಿಗಳಲ್ಲಿ ಸೆಫೀಡ್ ಅನ್ನೋ ಮಿಡಿಯೋ ನಕ್ಷತ್ರ, ಸೂಪರ್‌ನೋವಾ ಹಿಡಿದು ಅಳೆದ್ರೆ 73 ಆಸುಪಾಸು. ಎರಡೂ ಕಡೆಯವರು ಬಹಳ ಜೋಪಾನವಾಗಿ ಅಳೆದಿದಾರೆ, ಆದ್ರೂ ತಾಳೆ ಆಗ್ತಿಲ್ಲ.