ಆರಾಮ, ಕ್ಷೇಮ, ನೆಮ್ಮದಿ: ‘ವೆಲ್‌ಬೀಯಿಂಗ್’ ಎಂಬುದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ?

ಎಲ್ಲರಿಗೂ ನಮಸ್ಕಾರ.

ಒಂದು ಆರೋಗ್ಯ ಸಮೀಕ್ಷೆಯ ಪ್ರಶ್ನೆಪಟ್ಟಿಯ ಕನ್ನಡ ತಿದ್ದಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಶಿರಸಿ, ಕುಮಟಾ, ಅಂಕೋಲಾ ಕಡೆ ಮನೆಮನೆಗೆ ಹೋಗಿ ಕೇಳುವ ಪ್ರಶ್ನೆಗಳು. ಎರಡು ಕಡೆ ಗಾಡಿ ನಿಂತಿದೆ. ‘ವೆಲ್‌ಬೀಯಿಂಗ್’ ಎಂಬುದಕ್ಕೆ ಜನರ ಬಾಯಲ್ಲಿರುವ ಪದ ಯಾವುದು? ಇನ್ನೊಂದು, ‘ನಿಮ್ಮ ಆರೋಗ್ಯ ಹೇಗಿದೆ’ ಎಂದರೆ ಬರುವ ‘ಅಡ್ಡಿಲ್ಲ’ ಎಂಬ ಉತ್ತರವನ್ನು ಯಾವ ಕಲಮಿನಲ್ಲಿ ಬರೆಯಬೇಕು?

ಜನರ ಆರೋಗ್ಯ ಅಳೆಯುವವರು ಮೊದಲು ಹಿಡಿಯುವುದು ಸಾವಿನ ಲೆಕ್ಕ. ಹುಟ್ಟಿದ ಸಾವಿರ ಮಕ್ಕಳಲ್ಲಿ ವರ್ಷ ತುಂಬುವ ಮೊದಲೇ ತೀರಿಕೊಳ್ಳುವವರೆಷ್ಟು ಎಂಬುದು ಶಿಶು ಮರಣ ದರ. 2020ರಲ್ಲಿ ಅದು ಕರ್ನಾಟಕದಲ್ಲಿ 19, ಇಡೀ ದೇಶದಲ್ಲಿ 28. ಇಲ್ಲಿ ಪದದ ತಕರಾರು ಹುಟ್ಟುವುದಿಲ್ಲ. ಬದುಕಿರುವವರು ಹೇಗಿದ್ದಾರೆ ಎಂದು ತಿಳಿಯಬೇಕಾದರೆ ಮಾತ್ರ ಅವರನ್ನೇ ಕೇಳಬೇಕು. ಆಗ ಶುರು ನಮ್ಮ ಫಜೀತಿ.

ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ ಜಾರಿಗೆ ಬಂದದ್ದು 1948ರಲ್ಲಿ. ಆರೋಗ್ಯವೆಂದರೆ ಬರೀ ಕಾಯಿಲೆ ಇಲ್ಲದಿರುವುದಲ್ಲ, ದೇಹ, ಮನಸ್ಸು, ಸಮಾಜದ ಬಾಳುವೆ ಮೂರೂ ಪೂರ್ತಿ ಚೆನ್ನಾಗಿರುವುದು ಎಂದು ಅದರಲ್ಲಿದೆ. ಕನ್ನಡಕ್ಕೆ ತಂದರೆ ಒಂದು ತಮಾಷೆ ನೋಡಿ. ‘ಆರೋಗ್ಯ’ ಹುಟ್ಟಿದ್ದೇ ‘ಅರೋಗ’ದಿಂದ, ಅಂದರೆ ರೋಗ ಇಲ್ಲದ್ದು. ‘ರೋಗ ಇಲ್ಲದಿರುವುದಷ್ಟೇ ರೋಗ ಇಲ್ಲದಿರುವುದಲ್ಲ’ ಎಂದು ಬರೆದ ಹಾಗಾಯಿತು! ಹಾಗಾಗಿ ಉಳಿದ ಭಾರವನ್ನೆಲ್ಲ ಹೊರಲು ಇನ್ನೊಂದು ಪದ ಬೇಕೇ ಬೇಕು.

ನಮ್ಮಲ್ಲಿ ಮೊದಲು ಬಾಯಿಗೆ ಬರುವುದು ‘ಆರಾಮ’. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರೆಲ್ಲ ‘ಆರಾಮಾ?’ ಅನ್ನುತ್ತಾರೆ. ಆ ಒಂದು ಮಾತಿನಲ್ಲಿ ಮನೆ, ಮಕ್ಕಳು, ತೋಟ ಎಲ್ಲ ಬಂತು. ಆದರೆ ಅದಕ್ಕೆ ‘ಇಲ್ಲ’ ಸೇರಿಸಿ ನೋಡಿ. ‘ಆರಾಮಿಲ್ಲ’ ಅಂದರೆ ಜ್ವರವೋ, ಹೊಟ್ಟೆನೋವೋ ಅಷ್ಟೇ. ಸಾಲ ತಲೆಮೇಲೆ ಕೂತವನು ಆರಾಮಿಲ್ಲ ಅನ್ನುವುದನ್ನು ನಾನು ಕೇಳಿಲ್ಲ. ಇದ್ದಾಗ ಅಗಲ, ಇಲ್ಲದಾಗ ಇಕ್ಕಟ್ಟು. ಅಳೆಯುವವರಿಗೆ ಇಂಥ ಪದ ಕಷ್ಟ. ಮೇಲಾಗಿ ‘ಅವನೇನು, ಆರಾಮಾಗಿದ್ದಾನೆ’ ಅಂದರೆ ಕೆಲಸವಿಲ್ಲದೆ ಕೂತಿದ್ದಾನೆ ಎಂಬ ಕೊಂಕೂ ಇದೆ. ‘ಹುಷಾರು’ ಬೇಡ, ಅದು ಅರ್ಧ ಜಾಣತನಕ್ಕೆ ಹೋಗಿಬಿಟ್ಟಿದೆ.

‘ಕ್ಷೇಮ’ ಸರಕಾರಿ ಪದ. ಉಪಕೇಂದ್ರಗಳ ಮೇಲೆ ‘ಆರೋಗ್ಯ ಮತ್ತು ಕ್ಷೇಮ ಕೇಂದ್ರ’ ಎಂಬ ಬೋರ್ಡು ಇತ್ತಲ್ಲ, ಈಗ ‘ಆಯುಷ್ಮಾನ್ ಆರೋಗ್ಯ ಮಂದಿರ’ ಆಗಿದೆ. ಕ್ಷೇಮ ಹಳೆಯ ಕಾಗದಗಳಲ್ಲಿ ಚೆಂದ, ಎದುರಾಎದುರು ಯಾರೂ ಕೇಳುವುದಿಲ್ಲ.

ಅರ್ಥ ನೋಡಿದರೆ ‘ಯೋಗಕ್ಷೇಮ’ವೇ ಹತ್ತಿರ. ಇಲ್ಲದ್ದು ಸಿಗುವುದು ಯೋಗ, ಇದ್ದದ್ದು ಉಳಿಯುವುದು ಕ್ಷೇಮ. ಬಳಕೆ ಮಾತ್ರ ಬೇರೆ. ಯೋಗಕ್ಷೇಮವನ್ನು ಇನ್ನೊಬ್ಬರು ವಿಚಾರಿಸುತ್ತಾರೆ, ನೋಡಿಕೊಳ್ಳುತ್ತಾರೆ. ‘ನನ್ನ ಯೋಗಕ್ಷೇಮ ಚೆನ್ನಾಗಿದೆ’ ಎಂದು ಯಾರಾದರೂ ಹೇಳುತ್ತಾರಾ?

ನನ್ನ ಓಟು ‘ನೆಮ್ಮದಿ’ಗೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಹಿಂದೆ ನೆಮ್ಮದಿ ಕೇಂದ್ರದ ಮುಂದೆ ಸಾಲು ನಿಂತವರು ನಗಬಹುದು, ಇರಲಿ. ಆದರೆ ನೆಮ್ಮದಿ ಮನಸ್ಸಿನ ಮಾತು. ಹಾಸಿಗೆ ಹಿಡಿದ ಅಜ್ಜನಿಗೂ ನೆಮ್ಮದಿ ಇರಬಹುದು, ಗಟ್ಟಿಮುಟ್ಟಾದ ಮೊಮ್ಮಗನಿಗೆ ಇಲ್ಲದಿರಬಹುದು.

ಪಟ್ಟಿಯಲ್ಲಿ ‘ವೆಲ್‌ಬೀಯಿಂಗ್’ ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ಐದು ವಾಕ್ಯಗಳ ಸೂಚ್ಯಂಕವೂ ಇದೆ. ಕಳೆದ ಎರಡು ವಾರದ ಬಗ್ಗೆ ಕೇಳುತ್ತಾರೆ. ಒಂದೊಂದಕ್ಕೆ 0ಯಿಂದ 5 ಅಂಕ, ಕೂಡಿಸಿ 4ರಿಂದ ಗುಣಿಸಿದರೆ ನೂರಕ್ಕೆ ಎಷ್ಟು ಎಂದು ಸಿಗುತ್ತದೆ. ನನ್ನ ಕೈಗೆ ಬಂದ ಕರಡಿನಲ್ಲಿ ಮೊದಲ ವಾಕ್ಯಕ್ಕೆ ‘ಉಲ್ಲಾಸಭರಿತ’ ಎಂದು ಹಾಕಿದ್ದಾರೆ. ಮಳೆಗಾಲದಲ್ಲಿ ಅಂಕೋಲಾ ಕಡೆ ಒಂದು ಮನೆಯಲ್ಲಿ ಇದನ್ನು ಓದಿ ನೋಡಿದೆವು. ಮೀನು ಮಾರುವ ಹೆಂಗಸು. ಬುಟ್ಟಿ ಜಗಲಿಯಲ್ಲಿ ಮಗುಚಿ ಇಟ್ಟಿತ್ತು. ‘ಉಲ್ಲಾಸ ಅಂದ್ರೆ ಎಂತದು ತಂಗಿ?’ ಎಂದು ನಮ್ಮ ಜೊತೆಗಿದ್ದ ಆಶಾ ಕಾರ್ಯಕರ್ತೆಯನ್ನು ಕೇಳಿದರು. ಆಕೆ ‘ಮನಸ್ಸಿಗೆ ಖುಷಿ ಇತ್ತಾ ಅಕ್ಕಾ?’ ಎಂದು ಬಿಡಿಸಿ ಹೇಳಿದಳು. ‘ನಂಗೆಂತದು, ಅಡ್ಡಿಲ್ಲ. ಬೋಟು ಬಂದ್ ಆಗಿದೆ, ಮಗ ಮನೇಲೇ ಕೂತಾನೆ.’

ಇದಕ್ಕೆ ಎಷ್ಟು ಅಂಕ? ಕೇಳಿದ್ದು ಅವರೊಬ್ಬರ ಮನಸ್ಸನ್ನು, ಉತ್ತರ ಬಂದದ್ದು ಇಡೀ ಮನೆಯದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಇಳಿಸುವ ಹಾಗಿಲ್ಲ. ಆ ಎರಡು ತಿಂಗಳಲ್ಲಿ ‘ಕಳೆದ ಎರಡು ವಾರ’ ಎಂದು ಕೇಳಿದರೆ ಬಂದರಿನ ಊರುಗಳ ಅಂಕ ಇಳಿದೀತು. ಶಿರಸಿಯಲ್ಲಿ ಅಡಿಕೆ ಸುಲಿಯುವ ಕಾಲಕ್ಕೆ ‘ಎದ್ದಾಗ ಮೈ ಹಗುರವಾಗಿತ್ತಾ’ ಎಂದು ಕೇಳಿದರೆ ಬೈಗುಳವೇ ಸಿಗಬಹುದು. ಅಂದಹಾಗೆ ಕರಡಿನಲ್ಲಿ ಆ ವಾಕ್ಯಕ್ಕೆ ‘ತಾಜಾತನ’ ಎಂದಿದೆ. ತರಕಾರಿಯಾ ಇದು? ‘ಮೈ ಹಗುರ’ ಎಂದು ನಾನು ತಿದ್ದಿದ್ದೇನೆ.

ಈಗ ‘ಅಡ್ಡಿಲ್ಲ’. ಘಟ್ಟದ ಮೇಲೆ ಹವ್ಯಕರ ಮನೆಗಳಲ್ಲಿ ‘ಅಡ್ಡಿಲ್ಲೆ’. ಊಟ ಹೇಗಿತ್ತು ಎಂದರೂ ಅದೇ, ನಾಳೆ ಬರಲಾ ಎಂದರೂ ಅದೇ. ರಾಗ ಎಳೆದರೆ ಹೊಗಳಿಕೆ, ತುಂಡು ಮಾಡಿದರೆ ಬೇಸರ. ಪ್ರಶ್ನೆಪಟ್ಟಿಯಲ್ಲಿರುವುದು ಅತ್ಯುತ್ತಮ, ತುಂಬಾ ಚೆನ್ನಾಗಿದೆ, ಚೆನ್ನಾಗಿದೆ, ಸಾಧಾರಣ, ಚೆನ್ನಾಗಿಲ್ಲ ಎಂಬ ಐದು ಮೆಟ್ಟಿಲು. ತನ್ನ ಆರೋಗ್ಯ ಅತ್ಯುತ್ತಮ ಎಂದು ಹೇಳಿ ದೃಷ್ಟಿ ತಾಗಿಸಿಕೊಳ್ಳುವವರು ನಮ್ಮಲ್ಲಿ ಕಡಿಮೆ. ಹಾಗಂತ ಅಡ್ಡಿಲ್ಲವನ್ನೆಲ್ಲ ‘ಸಾಧಾರಣ’ಕ್ಕೆ ತಳ್ಳಿದರೆ ಜಿಲ್ಲೆಯೇ ಸಪ್ಪೆಯಾಗಿ ಕಾಣುತ್ತದೆ. ನಾನು ‘ಚೆನ್ನಾಗಿದೆ’ ಕಡೆ ವಾಲುತ್ತೇನೆ.

ಇದು ಸುಮ್ನೆ ಕೂದಲು ಸೀಳುವ ಚರ್ಚೆ ಅಲ್ಲ. ಅಮರ್ತ್ಯ ಸೇನ್ 2002ರಲ್ಲಿ ತೋರಿಸಿಕೊಟ್ಟ ಹಾಗೆ, ಜಾಸ್ತಿ ವರ್ಷ ಬದುಕುವ ಕೇರಳದವರೇ ತಮಗೆ ಕಾಯಿಲೆ ಇದೆ ಎಂದು ಜಾಸ್ತಿ ಹೇಳಿಕೊಳ್ಳುತ್ತಾರೆ. ಆಯುಷ್ಯ ಕಡಿಮೆ ಇರುವ ಬಿಹಾರದವರು ಹಾಗೆ ಹೇಳುವುದು ಕಡಿಮೆ. ಓದು, ಆಸ್ಪತ್ರೆ ಹತ್ತಿರವಿದ್ದಲ್ಲಿ ಕಾಯಿಲೆ ಗುರುತಾಗುತ್ತದೆ. ಇಲ್ಲದಿದ್ದಲ್ಲಿ ಅದೂ ‘ಅಡ್ಡಿಲ್ಲ’ದೊಳಗೆ ಸೇರಿಹೋಗುತ್ತದೆ. ಜೋಯಿಡಾದ ಕಾಡಿನ ಊರಿನವರ ಅಡ್ಡಿಲ್ಲವೂ ಕಾರವಾರ ಪೇಟೆಯವರ ಅಡ್ಡಿಲ್ಲವೂ ಒಂದೇ ತೂಕದ್ದಾ?

ಹಾಗಾಗಿ ಕೇಳುತ್ತಿದ್ದೇನೆ. ಮೈ, ಮನಸ್ಸು, ಮನೆ ಮೂರನ್ನೂ ಸೇರಿಸಿ ಹೇಳುವ ಮಾತು ನಿಮ್ಮ ಊರಲ್ಲಿ ಇದೆಯಾ? ‘ಚೆನ್ನಾಗಿರುವುದು’ ಎಂದಷ್ಟೇ ಇಟ್ಟರೆ ತೀರಾ ಸಪ್ಪೆಯಾ? ಹಾಲಕ್ಕಿ ಒಕ್ಕಲಿಗರ, ಸಿದ್ದಿಯರ, ನಾಮಧಾರಿಗಳ ಮನೆಮಾತು ಬಲ್ಲವರು ದಯವಿಟ್ಟು ಬರೆಯಿರಿ. ನಿಘಂಟಿನ ಅರ್ಥ ನನ್ನ ಹತ್ತಿರ ಇದೆ. ಬೇಕಾದದ್ದು ಯಾರು, ಯಾವ ಹೊತ್ತಿನಲ್ಲಿ, ಯಾರಿಗೆ ಹಾಗೆ ಹೇಳಿದರು ಎಂಬುದು.