ಸಹಾಯ ಬೇಕು: ಕಾಂಡ್ಲಾ ಗಿಡ ಉಳಿಸಲು ನಾಲ್ಕು ಕೈ

ನಮಸ್ಕಾರ. ಉಡುಪಿಯ ಕೆಮ್ಮಣ್ಣು ಕಡೆ, ಸ್ವರ್ಣಾ ಹೊಳೆ ಬದಿಯಲ್ಲಿ ನಮ್ಮ ಮನೆ. ದಡ ಕುಸಿಯುವುದು ನಿಲ್ಲಲಿ ಅಂತ ಕಳೆದ ಮಳೆಗಾಲದಲ್ಲಿ ಅಕ್ಕಪಕ್ಕದವರು ಸೇರಿ ಕಾಂಡ್ಲಾ (ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ) ನೆಟ್ಟಿದ್ದೆವು. ಇದರ ಬೀಜ ಮರದಲ್ಲೇ ಮೊಳೆತು ನುಗ್ಗೆಕಾಯಿ ಹಾಗೆ ನೇತಾಡುತ್ತದೆ, ಅಲ್ವಾ? ಅದನ್ನೇ ಹೆಕ್ಕಿ ತಂದು ಕೆಸರಿಗೆ ಚುಚ್ಚಿದ್ದು. ಸುಮಾರು 200 ಇತ್ತು. ಈಗ ಎಣಿಸಿದರೆ 60 ಕೂಡ ಉಳಿದಿಲ್ಲ.

ಕೆಲವನ್ನು ದನ ತಿಂದವು. ಜಾಸ್ತಿ ಹಾಳು ಮಾಡಿದ್ದು ಕಸ. ಉಬ್ಬರದಲ್ಲಿ ಬಂದ ಹರಿದ ಬಲೆ, ಪ್ಲಾಸ್ಟಿಕ್ ತೊಟ್ಟೆ ಗಿಡಕ್ಕೆ ಸುತ್ತಿಕೊಳ್ಳುತ್ತದೆ. ನೀರು ಇಳಿಯುವಾಗ ಗಿಡವನ್ನೂ ಎಳೆದುಕೊಂಡು ಹೋಗುತ್ತದೆ. ನಿನ್ನೆ ಒಂದರ ಬುಡದಿಂದ ನೀಲಿ ನೈಲಾನ್ ಹಗ್ಗ ಬಿಡಿಸಲು ಕತ್ತಿಯೇ ಬೇಕಾಯಿತು. ಅಲ್ಲೇ ಉಗುರಿನಷ್ಟು ಸಣ್ಣ ಏಡಿ ಕೂತಿತ್ತು, ಅದೊಂದು ಖುಷಿ.

ಬರುವ ಭಾನುವಾರ ಬೆಳಿಗ್ಗೆ, ನೀರು ಇಳಿದ ಹೊತ್ತಿಗೆ, ಆರೇಳು ಜನ ಬರಬಹುದಾ? ಸಣ್ಣ ದೋಣಿ ಇರುವವರು ಒಬ್ಬರು ಸಿಕ್ಕಿದರೆ ಕಸ ಸಾಗಿಸಲು ಸುಲಭ. ಹಳೇ ಬಟ್ಟೆ ಹಾಕಿಕೊಳ್ಳಿ, ಮೊಣಕಾಲವರೆಗೆ ಕೆಸರು. ಗಂಜಿ, ಚಟ್ನಿ ನಮ್ಮ ಮನೆಯಲ್ಲಿ.

ಇನ್ನೊಂದು, ದನ ಬಾರದ ಹಾಗೆ ಬೇಲಿಗೆ ಏನು ಹಾಕುವುದು? ಬಿದಿರು ಒಂದೇ ಮಳೆಗೆ ಹೋಯಿತು. ಕಾಂಡ್ಲಾ ಬೆಳೆಸಿ ಗೊತ್ತಿರುವವರು ದಯವಿಟ್ಟು ಹೇಳಿ.