ಬರವಣಿಗೆಯ ಸಮಯದಲ್ಲಿ ಮಾತ್ರ ಎದ್ದು ಓಡಾಡುವ ಮಗುವಿನ ವರ್ತನೆಯನ್ನು ಅರ್ಥೈಸುವುದು ಹೇಗೆ?

ಪ್ರಶ್ನೆ: ನನ್ನ ಎರಡನೆಯ ತರಗತಿಯ ಒಬ್ಬ ಹುಡುಗ ಬರವಣಿಗೆಯ ಸಮಯದಲ್ಲಿ ಪದೇ ಪದೇ ಎದ್ದು ಓಡಾಡುತ್ತಾನೆ, ಪಕ್ಕದವರನ್ನು ಕೆಣಕುತ್ತಾನೆ. ಸಹೋದ್ಯೋಗಿಗಳು ಅವನನ್ನು ಹಠಮಾರಿ ಎನ್ನುತ್ತಾರೆ. ಆದರೆ ಕಥೆ ಹೇಳುವಾಗ ಅವನು ಕದಲದೆ ಕೂರುತ್ತಾನೆ. ಇದನ್ನು ಯಾವ ಕ್ರಮದಲ್ಲಿ ಗಮನಿಸಬೇಕೆಂದು ಅನುಭವಿಗಳು ದಯವಿಟ್ಟು ತಿಳಿಸಿ.

ಉತ್ತರ 1: ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಅಂಕಣಗಳಲ್ಲಿ ಬರೆಯಿರಿ, ಹಠಮಾರಿತನ ಎರಡನೆಯದಕ್ಕೆ ಸೇರುತ್ತದೆ. ಪ್ರತಿ ಘಟನೆಗೂ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು ಎಂಬ ಮೂರೂ ದಾಖಲಾಗಬೇಕು. ಅವನು ಎದ್ದಾಗಲೆಲ್ಲ ನೀವು ಹೊರಗೆ ಕಳುಹಿಸುತ್ತಿದ್ದರೆ, ಶಿಕ್ಷೆಯೆಂದು ನೀವು ಭಾವಿಸಿದ್ದೇ ಅವನಿಗೆ ಕಷ್ಟದ ಕೆಲಸದಿಂದ ಸಿಕ್ಕ ಬಿಡುಗಡೆಯಾಗಿ, ಆ ವರ್ತನೆಯನ್ನು ಇನ್ನಷ್ಟು ಬಲಪಡಿಸುತ್ತಿರಬಹುದು.

ಉತ್ತರ 2: ಒಪ್ಪುತ್ತೇನೆ. ಆದರೆ ತೊಂದರೆಯ ಘಟನೆಗಳನ್ನಷ್ಟೇ ಬರೆದರೆ ದಾಖಲೆ ಏಕಪಕ್ಷೀಯವಾಗುತ್ತದೆ. ಆದ್ದರಿಂದ ನಿಗದಿತ ಅಂತರದಲ್ಲಿ, ಉದಾಹರಣೆಗೆ 5 ನಿಮಿಷಕ್ಕೊಮ್ಮೆ, ಆ ಕ್ಷಣದಲ್ಲಿ ಅವನು ಏನು ಮಾಡುತ್ತಿದ್ದಾನೆಂದು ಗುರುತು ಹಾಕಿ, ಜೊತೆಗೆ ಇನ್ನೊಂದು ಮಗುವನ್ನೂ ಹಾಗೆಯೇ ಗಮನಿಸಿ. ಎಷ್ಟೋ ಸಲ ಇಡೀ ತರಗತಿಯೇ ಚಡಪಡಿಸುತ್ತಿರುತ್ತದೆ, ನಮ್ಮ ಕಣ್ಣು ಮಾತ್ರ ಹೆಸರು ಕೆಟ್ಟವನ ಮೇಲಿರುತ್ತದೆ.

ಉತ್ತರ 3: ಕಪ್ಪುಹಲಗೆಯ ಅಕ್ಷರ ಅವನಿಗೆ ಕಾಣುತ್ತಿದೆಯೇ, ಪೆನ್ಸಿಲ್ ಹಿಡಿದಾಗ ಕೈ ನೋಯುತ್ತದೆಯೇ, ಒತ್ತಕ್ಷರಗಳಲ್ಲಿ ತಡವರಿಸುತ್ತಾನೆಯೇ ಎಂಬುದನ್ನು ಮೊದಲು ಪರೀಕ್ಷಿಸಿ, ಪೋಷಕರಿಗೆ ಹೇಳಿ ಕಣ್ಣಿನ ತಪಾಸಣೆ ಮಾಡಿಸಿ. ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಎಂದು ನಾವೇ ಹೆಸರಿಡಬಾರದು. ಅದರ ನಿರ್ಣಯಕ್ಕೆ ಲಕ್ಷಣಗಳು ಕನಿಷ್ಠ 6 ತಿಂಗಳು, ಒಂದಕ್ಕಿಂತ ಹೆಚ್ಚು ಸನ್ನಿವೇಶಗಳಲ್ಲಿ ಕಾಣಿಸಿರಬೇಕು, ಮತ್ತು ಅದು ತಜ್ಞರ ಕೆಲಸ.